ತವರುಮನೆಯಿಂದ ಒಂದು ‘ಇಲ್ಲ’

ನಮ್ಮ ಕಂಪನಿಗೆ ಮೂರನೇ ಮಟ್ಟದ ಮಾನ್ಯತೆ ಸಿಕ್ಕಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಯಾದಗಿರಿಯಲ್ಲಿ ಹಳೆಯ ಜೊತೆಗಾರರು ಸಿಕ್ಕರೆ ಈಗಲೂ ಆ ಮಾತನ್ನೇ ಎತ್ತುತ್ತಾರೆ, ಅವತ್ತು ತೆಗೆಸಿಕೊಂಡ ಫೋಟೋ ತೋರಿಸುತ್ತಾರೆ. ಎಲ್ಲರೂ ಹಲ್ಲು ಕಿಸಿದಿದ್ದಾರೆ, ನಾನೊಬ್ಬಳು ಯಾರ ಮೇಲೋ ಸಿಡುಕುತ್ತಿರುವವಳ ಹಾಗೆ ನಿಂತಿದ್ದೇನೆ. ನನಗೆ ಆ ದಿನಕ್ಕಿಂತ ಅದರ ಹಿಂದಿನ ವಾರವೇ ಹೆಚ್ಚು ನೆನಪಿದೆ.

ಸ್ಟೇಶನ್ ರೋಡಿನಲ್ಲಿ ಪೈಪು, ಮೋಟಾರು ಮಾರುವ ಅಂಗಡಿಯ ಮೇಲಿನ ಮಹಡಿ ನಮ್ಮ ಆಫೀಸು. ಕಾಲುವೆ ನೀರು ಬಳಸುವ ರೈತರ ಸಂಘಗಳಿಗೆ ಆಗ ಒಂದು ಸಾಫ್ಟ್‌ವೇರ್ ಮಾಡುತ್ತಿದ್ದೆವು. ಯಾವ ಹೊಲಕ್ಕೆ ಯಾವಾಗ ನೀರಿನ ಪಾಳಿ ಎಂದು ಅದು ಲೆಕ್ಕ ಹಾಕಬೇಕು, ಆ ರೈತನ ಮೊಬೈಲಿಗೆ ಮೆಸೇಜ್ ಕಳಿಸಬೇಕು. ಕೋಡ್ ಬರೆಯುವುದು ನನ್ನ ಕೆಲಸವಲ್ಲ. ಆ ಸಾಫ್ಟ್‌ವೇರ್ ಏನೇನು ಮಾಡಬೇಕು, ಏನೇನು ಮಾಡಬಾರದು ಎಂದು ಊರೂರಿಗೆ ಹೋಗಿ ಕೇಳಿ ಬರೆದಿಡುವುದು ನನ್ನ ಕೆಲಸ. ಇಂಥ ಒಂದೊಂದು ಮಾತಿಗೂ ಆಫೀಸಿನಲ್ಲಿ ರಿಕ್ವೈರ್‌ಮೆಂಟ್ ಎನ್ನುತ್ತಿದ್ದೆವು. ನನ್ನ ಅತ್ತೆ ಮಾತ್ರ ಶಹಾಪುರದ ನೆರೆಹೊರೆಯವರಿಗೆ, “ನಮ್ಮ ಸೊಸಿ ಮಂದಿ ಬೇಡಿಕಿ ಕೇಳಿಕೋತ ತಿರಗತಾಳ” ಎಂದು ಹೇಳುತ್ತಿದ್ದಳು. ಅವಳು ಹೇಳಿದ್ದು ತಪ್ಪೇನಲ್ಲ.

ಈ ಬೇಡಿಕೆಗಳನ್ನೆಲ್ಲ ಕಾಪಾಡಲು ಕಂಪನಿ ಒಂದು ಟೂಲ್ ತಂದಿತ್ತು. ಒಂದೊಂದು ಬೇಡಿಕೆಗೂ ಅದರಲ್ಲಿ ಒಂದು ನಂಬರು. ಯಾರು ಹೇಳಿದರು, ಯಾಕೆ ಹೇಳಿದರು, ಅದು ಸರಿಯಾಗಿ ನಡೆಯುತ್ತಿದೆ ಎಂದು ಹೇಗೆ ಪರೀಕ್ಷಿಸುವುದು, ಎಲ್ಲವನ್ನೂ ತುಂಬಬೇಕು. ತುಂಬದಿದ್ದರೆ ಮುಂದಕ್ಕೆ ಬಿಡುತ್ತಲೇ ಇರಲಿಲ್ಲ. ಸಂಬಂಧಪಟ್ಟವರು ಒಪ್ಪಿದರೆ ಹಸಿರು, ಒಪ್ಪದಿದ್ದರೆ ಕೆಂಪು. ಎಲ್ಲ ಹಸಿರಾದ ಮೇಲೆ ಪಟ್ಟಿಗೆ ಬೀಗ. ಆಮೇಲೆ ಒಂದು ಅಕ್ಷರ ಬದಲಿಸಬೇಕಾದರೂ ಕಾರಣ ಬರೆದು ಅನುಮತಿ ಕೇಳಬೇಕಾಗಿತ್ತು.

ಮಟ್ಟದ ವಿಷಯ ಇಷ್ಟೇ. ಒಂದು ಕಂಪನಿಯ ಕೆಲಸ ಎಷ್ಟು ಮಾಗಿದೆ ಎಂದು ಹೊರಗಿನವರು ಬಂದು ಅಳೆಯುತ್ತಾರೆ. ಯಾರೋ ಒಬ್ಬ ಮೈಮುರಿದು ಹೇಗೋ ಕೆಲಸ ದಾಟಿಸುತ್ತಿದ್ದರೆ ಅದು ಮೊದಲನೇ ಮಟ್ಟ. ಇಡೀ ಕಂಪನಿ ಒಂದೇ ಬರೆದಿಟ್ಟ ಕ್ರಮದಲ್ಲಿ ನಡೆಯುತ್ತಿದ್ದರೆ ಮೂರನೆಯದು. ಅಳೆಯುವವರು ಮುಂದಿನ ಸೋಮವಾರ ಬರುವವರಿದ್ದರು. ನಮ್ಮ ಮ್ಯಾನೇಜರ್ ಆ ವಾರವೆಲ್ಲ ಊಟದ ಡಬ್ಬಿಯನ್ನು ತೆರೆಯದೆಯೇ ಮನೆಗೆ ವಾಪಸು ಒಯ್ಯುತ್ತಿದ್ದ.

ನನ್ನ ಪಟ್ಟಿ ಪೂರಾ ಹಸಿರಾಗಿತ್ತು. ಅದಕ್ಕೆ ಕಾರಣ ನನ್ನ ತವರು. ಸುರಪುರದ ಆಚೆ, ದೇವಾಪುರ ದಾಟಿ ಹೋದರೆ ನಮ್ಮೂರು. ಊರಿನ ಪಕ್ಕದಲ್ಲೇ ಉಪಕಾಲುವೆ. ಅದರ ತಲೆಯ ಕಡೆಗೆ, ನೀರು ಮೊದಲು ಸಿಗುವಲ್ಲಿ, ನಮ್ಮ ದೊಡ್ಡಪ್ಪನ ಹೊಲ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿ, ಮದುವೆ ಮಾಡಿ ಶಹಾಪುರಕ್ಕೆ ಕಳಿಸಿದವನು ಅವನೇ. ಪ್ರಯೋಗಕ್ಕೆ ಒಂದು ಉಪಕಾಲುವೆ ಆರಿಸಿ ಎಂದಾಗ ನಾನು ನಮ್ಮೂರಿನದನ್ನೇ ಆರಿಸಿದ್ದೆ. ಗೊತ್ತಿರುವ ಜನ, ಬಾಯಿಬಿಟ್ಟು ಮಾತಾಡುತ್ತಾರೆ ಎಂದುಕೊಂಡಿದ್ದೆ.

ಅವರೂ ಮಾತಾಡಿದರು. ದೊಡ್ಡಪ್ಪನ ಪಡಸಾಲೆಯಲ್ಲಿ ಸಂಘದವರೆಲ್ಲ ಕೂತಿದ್ದರು. ಒಳಗಿನಿಂದ ಬಿಸಿ ರೊಟ್ಟಿ, ಪುಂಡಿಪಲ್ಯ ಬರುತ್ತಲೇ ಇತ್ತು. ನಾನು ಒಂದೊಂದೇ ಬೇಡಿಕೆ ಓದಿದೆ, ಅವರು ಒಂದೊಂದಕ್ಕೂ ತಲೆಯಾಡಿಸಿದರು. ಸಂಘದ ನಿಯಮದ ಪ್ರಕಾರ ಪಾಳಿ ಕಾಲುವೆಯ ಕೊನೆಯಿಂದ ಶುರುವಾಗಬೇಕು. ಕೊನೆಯ ಹೊಲಕ್ಕೆ ಮೊದಲ ನೀರು, ತಲೆಯ ಹೊಲಕ್ಕೆ ಕಡೆಯ ನೀರು. ಅದನ್ನು ಓದುವಾಗ ನನ್ನ ದನಿ ತುಸು ಇಳಿಯಿತು, ಏಕೆಂದರೆ ಅಲ್ಲಿಯವರೆಗೆ ಅದು ಎಂದೂ ನಡೆದಿರಲಿಲ್ಲ. ದೊಡ್ಡಪ್ಪ ಮೀಸೆ ಒರೆಸಿಕೊಂಡು ಹೇಳಿದ:

“ನಮ್ಮ ಮಗಳು ಬರದ ತಂದಾಳಂದ್ರ ಮುಗೀತು. ಹೌದನ್ರಪಾ ಎಲ್ಲಾರೂ.”

ಎಲ್ಲರೂ ಹೌದೆಂದರು. ನಾನು ಅಂದೇ ಟೂಲಿನಲ್ಲಿ ಹಸಿರು ಮಾಡಿದೆ. ಮ್ಯಾನೇಜರ್ ನನ್ನ ಬೆನ್ನು ತಟ್ಟುವುದೊಂದು ಬಾಕಿ.

ಆ ವಾರದ ಬುಧವಾರ ಬೆಳಿಗ್ಗೆ ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ನಾನು ಯಾದಗಿರಿ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಗೆಳತಿ ಎದುರಿಗೆ ಬಂದು ನಿಂತಳು. ನಮ್ಮೂರಿನವಳೇ. ಸುರಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ಅಜ್ಜನ ಕಾಲದಲ್ಲೇ ಬೌದ್ಧರಾದ ಮನೆತನ ಅವಳದು. ಗಂಡ ಶಹಾಪುರದಲ್ಲಿ ಗುಮಾಸ್ತ, ಊರಲ್ಲಿರುವ ಹೊಲ ಮಾಡಿಸುವುದು ಅವಳು. ಆ ಹೊಲ ಉಪಕಾಲುವೆಯ ಕಟ್ಟಕಡೆಗೆ. ಕಡೆಯ ಹೊಲಗಳು ಯಾವ ಕೇರಿಯವರ ಪಾಲಿಗೆ ಬಂದಿರುತ್ತವೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

“ಕೊನಿ ಹೊಲಕ್ಕ ಮೊದಲ ನೀರು ಅಂತ ನಿಮ್ಮ ದೊಡ್ಡಪ್ಪ ಒಪ್ಯಾನಂತ. ಖರೇನು?” ಎಂದು ಕೇಳಿದಳು.

“ಒಪ್ಯಾನ. ನನ್ನ ಮುಂದೇ ಹೌದಂದಾನ.”

“ನಿನ್ನ ಮುಂದ ಅಂದಾನ, ಅದ ನನಗ ಚಿಂತಿ.” ಅವಳು ಕೈಯಲ್ಲಿದ್ದ ಚೀಲ ಕೆಳಗಿಟ್ಟಳು. “ನೋಡು, ಮೆಣಸಿನಗಿಡದ ಸಸಿ ತಯಾರ್ ಅದಾವ. ನೀರು ಬರತೈತಿ ಅಂದ್ರ ನಾಟಿ ಮಾಡತೀನಿ. ಬರಂಗಿಲ್ಲ ಅಂದ್ರ ಜ್ವಾಳ ಬಿತ್ತತೀನಿ, ಅದು ನೆಲದಾಗಿನ ಹಸಿಮ್ಯಾಲೇ ಬರತೈತಿ. ಹಸ್ತ ಮಳಿ ಹೋತು. ಹಸಿ ಆರಾಕತ್ತೈತಿ. ಈ ವಾರ ದಾಟಿದ್ರ ಜ್ವಾಳಾನೂ ಇಲ್ಲ. ಮೆಣಸಿನಗಿಡ ಹಚ್ಚಿ ನೀರು ಬರಲಿಲ್ಲಂದ್ರ ಅದೂ ಇಲ್ಲ. ನನ್ನ ಹೊಲ ಈ ವರ್ಷ ಏನಾಗತೈತಿ ಅನ್ನೂದು ನಿನ್ನ ಒಂದು ಮಾತಿನ ಮ್ಯಾಲ ನಿಂತೈತಿ. ಖರೇ ಏನೈತಿ ಅದನ್ನ ಹೇಳು.”

ಬಸ್ಸು ಬಂತು, ಹೋಯಿತು. ಶನಿವಾರದೊಳಗೆ ಹೇಳುತ್ತೇನೆ ಎಂದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಚೀಲ ಎತ್ತಿಕೊಂಡಳು.

ಅವಳ ಅನುಮಾನ ಏನೆಂದು ನನಗೆ ಕೂಡಲೇ ತಿಳಿದಿತ್ತು. ತಿಳಿದದ್ದಕ್ಕೇ ಹೆದರಿಕೆಯಾಯಿತು. ನಮ್ಮ ಕಡೆ ತವರುಮನೆ ಹೆಣ್ಣುಮಗಳಿಗೆ ಇಲ್ಲ ಎನ್ನುವುದಿಲ್ಲ. ಕೇಳಿದ್ದನ್ನು ಕೊಡುತ್ತಾರೆ ಎಂದು ಇದರ ಅರ್ಥವಲ್ಲ. ಹೌದು ಎನ್ನುತ್ತಾರೆ, ಅಷ್ಟೇ. ನನ್ನ ಸೋದರತ್ತೆ ಒಮ್ಮೆ ಹಿತ್ತಲಲ್ಲಿ ಕಟ್ಟಿದ್ದ ಕಂದು ಆಕಳು ಬೇಕೆಂದಿದ್ದಳು. “ಬ್ಯಾಸಗಿ ಕಳೀಲಿ, ಹೊಡಕೊಂಡು ಬರತೀನವಾ” ಎಂದು ದೊಡ್ಡಪ್ಪ ನಗುನಗುತ್ತಾ ಹೇಳಿದ. ಎಷ್ಟೋ ಬೇಸಿಗೆ ಕಳೆದವು. ಆಕಳು ನಮ್ಮ ಹಿತ್ತಲಲ್ಲೇ ಮುದಿಯಾಯಿತು. ಅತ್ತೆ ಮತ್ತೆ ಕೇಳಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ, ಬಂದಾಗಲೆಲ್ಲ ಅದರ ಮೈ ಸವರಿ ಹೋಗುತ್ತಿದ್ದಳು. ಅವಳಿಗೆ ಆ ಹೌದಿನ ತೂಕ ಗೊತ್ತಿತ್ತು. ಆದರೆ ನಮ್ಮ ಟೂಲಿಗೆ ಅದು ಗೊತ್ತಿರಲಿಲ್ಲ. ಅದರ ಪಾಲಿಗೆ ಹೌದು ಎಂದರೆ ಹಸಿರು. ಬೀಗ ಬಿದ್ದ ಮೇಲೆ ಆ ಹಸಿರು, ‘ನಿಮ್ಮ ಹೊಲಕ್ಕೆ ಮೊದಲ ಪಾಳಿ’ ಎಂಬ ಮೆಸೇಜಾಗಿ ನನ್ನ ಗೆಳತಿಯ ಮೊಬೈಲಿಗೆ ಬರುತ್ತದೆ. ಅವಳು ಮೆಣಸಿನಗಿಡ ನೆಡುತ್ತಾಳೆ.

ಆಫೀಸಿಗೆ ಹೋದವಳೇ ಮ್ಯಾನೇಜರ್ ಮುಂದೆ ನಿಂತು, ಆ ಒಂದು ಬೇಡಿಕೆಯ ಬೀಗ ತೆಗೆಯಬೇಕು ಎಂದೆ. ಅವನು ಗುರುಮಠಕಲ್ ಕಡೆಯವನು, ಮಾತಿನಲ್ಲಿ ಚೂರು ತೆಲುಗು. ಕೆಟ್ಟವನಲ್ಲ, ಹೆದರಿದವನು.

“ಏನಮ್ಮಾ, ಸೋಮವಾರ ಅವರು ಬರ್ತಾರ, ಬುಧವಾರ ನೀನು ಹಸಿರನ್ನ ಕೆಂಪು ಮಾಡ್ತೀಯ? ಅವರು ಒಪ್ಪಿದ್ರೋ ಇಲ್ವೋ?”

“ಒಪ್ಪಿದ್ರು ಸರ್. ಆದ್ರೆ ಆ ಒಪ್ಪಿಗೆ ಖರೇ ಅಲ್ಲ.”

“ರಿಕ್ವೈರ್‌ಮೆಂಟ್ ಅಂದ್ರೆ ಅವರು ಬಾಯಲ್ಲಿ ಹೇಳಿದ್ದು. ಮನಸ್ಸಿನಾಗ ಇದ್ದದ್ದು ಹುಡುಕೋದು ನಮ್ಮ ಕೆಲಸ ಅಲ್ಲ.”

ನನಗೆ ಸಿಟ್ಟು ಬೇಗ. ಅಲಮಾರಿಯಲ್ಲಿದ್ದ ನಮ್ಮ ಕಂಪನಿಯದೇ ಕ್ರಮದ ಪುಸ್ತಕವನ್ನು ತಂದು ಅವನ ಮೇಜಿನ ಮೇಲೆ ಧಡ್ಡೆಂದು ಇಟ್ಟೆ. ಬೇಡಿಕೆಯನ್ನು ಅರ್ಥ ಮಾಡಿಕೊಂಡರೆ ಸಾಲದು, ಅದನ್ನು ನಡೆಸಿಕೊಡಬೇಕಾದವರಿಂದ ಬದ್ಧತೆಯನ್ನೂ ಪಡೆಯಬೇಕು ಎಂದು ಅದರಲ್ಲೇ ಇತ್ತು. ಆ ಪುಟವನ್ನು ಬರೆದವನೂ ಅವನೇ. ತೂಬಿನ ಬಾಗಿಲು ಎತ್ತುವ, ಇಳಿಸುವ ಜನ ತಲೆಯ ಹೊಲದವರು, ಅವರ ಬದ್ಧತೆ ನಮ್ಮ ಹತ್ತಿರ ಎಲ್ಲಿದೆ ತೋರಿಸಿ ಎಂದೆ. ಪಕ್ಕದ ಮೇಜಿನವರು ಟೈಪ್ ಮಾಡುವುದನ್ನು ನಿಲ್ಲಿಸಿದರು. ಅವನು ಪುಟ ನೋಡಿದ, ನನ್ನನ್ನು ನೋಡಿದ, ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ.

“ಶನಿವಾರ ಸಾಯಂಕಾಲದ ತನಕ ಟೈಮು. ಹೌದೋ ಅಲ್ಲವೋ ಒಂದು ಗಟ್ಟಿ ಉತ್ತರ ತಾ. ಇಲ್ಲಾಂದ್ರೆ ಹಸಿರು ಹಸಿರೇ ಇರ್ತದ.”

ಗುರುವಾರ ರಜೆ ಹಾಕಿ ಊರಿಗೆ ಹೋದೆ. ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿದೆ: “ದೊಡ್ಡಪ್ಪ, ಖರೇನ ಹೇಳು. ಕೊನಿ ಹೊಲಕ್ಕ ಮೊದಲ ನೀರು ಬಿಡ್ತಿ? ಬಿಡಂಗಿಲ್ಲಂದ್ರ ಬಿಡಂಗಿಲ್ಲ ಅನ್ನು. ನನಗೇನೂ ಬ್ಯಾಸರಿಲ್ಲ.”

“ಬಿಡತೀನಿ ಅಂದೀನಲ್ಲವಾ.”

“ನಿನ್ನ ಹೊಲ ಒಣಗಿ ನಿಂತಿದ್ರೂ?”

“ನೀ ಯಾಕ ಇಷ್ಟು ಫಿಕರ್ ಮಾಡತಿ? ಸೊರಗಿ ಹೋಗೀದಿ ನೋಡು. ಮೊದಲ ಉಣ್ಣು ನಡಿ.”

ಮತ್ತೆ ಮತ್ತೆ ಕೇಳಿದೆ. ಅಷ್ಟು ಸಲವೂ ಹೌದೆಂದ. ಒಮ್ಮೆಯೂ ನನ್ನ ಕಣ್ಣು ನೋಡಲಿಲ್ಲ, ಹಗ್ಗವನ್ನೇ ನೋಡುತ್ತಿದ್ದ. ಅಡುಗೆಮನೆಯಲ್ಲಿ ದೊಡ್ಡವ್ವನ ಹತ್ತಿರ ಗೋಳಾಡಿದೆ. ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ.

“ಹೆಣ್ಣುಮಗಳು ಮನಿತನಕ ಬಂದು ಬಾಯಿಬಿಟ್ಟು ಕೇಳಿದ್ರ ಯಾವ ತವರುಮನಿ ಇಲ್ಲ ಅಂತೈತಿ? ಅವನ ಬಾಯಿಂದ ಆ ಮಾತು ಬರಂಗಿಲ್ಲ. ನೀ ಹಿಂಗ ಕೇಳಿಕೋತ ಕೂತ್ರ ಅವಂಗ ಸಂಕಟ ಆಕ್ಕೈತಿ, ಬಿಡು.”

ಆ ಮನೆಯಲ್ಲಿ ಕೂತಷ್ಟು ಹೊತ್ತೂ ನನಗೆ ಹೌದು ಬಿಟ್ಟು ಬೇರೇನೂ ಸಿಗುವುದಿಲ್ಲ ಎಂಬುದು ಖಚಿತವಾಯಿತು. ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಹೊಲಗಳನ್ನು ನೋಡುತ್ತ ಬಂದೆ. ಎಲ್ಲರೂ ಬಿತ್ತಿ ಮುಗಿಸಿದ್ದರು. ಎರೆಮಣ್ಣಿನ ಮೇಲೆ ಕೂರಿಗೆಯ ಸಾಲುಗಳು ಕಾಣುತ್ತಿದ್ದವು. ನನ್ನ ಗೆಳತಿಯ ಹೊಲ ಖಾಲಿ ಇರುವುದನ್ನು ನಾನು ಹೋಗುವಾಗಲೇ ನೋಡಿದ್ದೆ.

ಮಗಳಿಗೆ ಇಲ್ಲ ಎನ್ನಲಾರರು. ಹಾಗಾದರೆ ಮಗಳಾಗಿ ಹೋಗಬಾರದು. ಈ ಯೋಚನೆ ನನಗೆ ಶುಕ್ರವಾರ ಆಫೀಸಿನಲ್ಲಿ, ಚಹಾ ಕುಡಿಯುತ್ತಿದ್ದಾಗ ಬಂತು. ಬಂದ ಕೂಡಲೇ ಇಷ್ಟವಾಗಲಿಲ್ಲ, ಬೇರೆ ದಾರಿಯೂ ಕಾಣಲಿಲ್ಲ. ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದೆ. ಶನಿವಾರ ಮಧ್ಯಾಹ್ನ ಕಂಪನಿಯಿಂದ ಸಭೆ ಇದೆ, ಸಭೆ ಊರೊಳಗಲ್ಲ, ಕಾಲುವೆಯ ಮೇಲೆ, ತೂಬಿನ ಹತ್ತಿರ, ಕೊನೆಯ ಹೊಲದವರೂ ಇರಬೇಕು ಎಂದೆ. ಯಾರು ಬರುತ್ತಾರೆ ಎಂದು ಅವನು ಕೇಳಿದಾಗ, ಕಂಪನಿಯವರು ಎಂದಷ್ಟೇ ಹೇಳಿದೆ. ಗೆಳತಿಗೂ ಬರಲು ತಿಳಿಸಿದೆ.

ಶನಿವಾರ ಆಫೀಸಿನ ಜೀಪಿನಲ್ಲಿ ಹೋದೆ. ಕೊರಳಿಗೆ ಕಂಪನಿಯ ಗುರುತಿನ ಚೀಟಿ ಹಾಕಿಕೊಂಡಿದ್ದೆ. ಊರೊಳಗೆ ಇಳಿಯಲಿಲ್ಲ. ಜೀಪು ನಮ್ಮ ಓಣಿಯ ಬಾಯಿಯನ್ನು ದಾಟುವಾಗ ಕಟ್ಟೆಯ ಮೇಲಿದ್ದ ಹೆಂಗಸರು ಕೈ ಎತ್ತಿದರು. ನಾನು ಮುಂದೆ ನೋಡುತ್ತಾ ಕೂತೆ. ಅದು ನನ್ನ ಕೈಯಲ್ಲಿ ಹೇಗಾಯಿತೋ ಈಗಲೂ ಗೊತ್ತಿಲ್ಲ.

ತೂಬಿನ ಹತ್ತಿರ ಜಾಲಿಮರದ ಅರೆನೆರಳಿನಲ್ಲಿ ಜನ ನಿಂತಿದ್ದರು. ಕಾಲುವೆಯಲ್ಲಿ ನೀರು ಇನ್ನೂ ಬಂದಿರಲಿಲ್ಲ, ತಳದಲ್ಲಿ ಕೆಸರು ಒಣಗಿ ಬಿರಿದಿತ್ತು. ದೊಡ್ಡಪ್ಪ ನನ್ನನ್ನು ನೋಡಿದವನೇ, “ಏ ಅವ್ವಾ, ಬಿಸಿಲಾಗ ಇಲ್ಲೇನು ಮಾಡತಿ, ಮನಿಗಿ ನಡಿ” ಎಂದು ಬಂದ. ನಾನು ಕೈ ಮುಗಿದೆ. ಕಾಲಿಗೆ ಬೀಳಲಿಲ್ಲ. ಆಫೀಸಿನ ಕನ್ನಡದಲ್ಲಿ ಹೇಳಿದೆ:

“ನಮಸ್ಕಾರ ಯಜಮಾನರೇ. ನಾನು ಈಗ ನಿಮ್ಮ ಮನೆಯವಳಾಗಿ ಬಂದಿಲ್ಲ. ಸಂಘಕ್ಕೆ ಸಾಫ್ಟ್‌ವೇರ್ ಮಾಡುವ ಕಂಪನಿಯಿಂದ ಬಂದಿದ್ದೇನೆ. ಒಂದೇ ಒಂದು ಪ್ರಶ್ನೆ ಇದೆ.”

ಅವನ ಮುಖದ ಮೇಲಿನ ನಗು ಅಲ್ಲೇ ನಿಂತಿತು. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು, ನಾನು ನಗದಿರುವುದನ್ನು ಕಂಡು ಸುಮ್ಮನಾದರು. ಗೆಳತಿ ಏರಿಯ ಮೇಲೆ ಸ್ವಲ್ಪ ದೂರದಲ್ಲಿ, ಸೆರಗನ್ನು ತಲೆಗೆ ಎಳೆದುಕೊಂಡು ನಿಂತಿದ್ದಳು.

“ಕಾಲುವೆಗೆ ನೀರು ಬಂದ ಮೇಲೆ ಮೊದಲ ಪಾಳಿಯನ್ನು ಕೊನೆಯ ಹೊಲಕ್ಕೆ ಬಿಡುತ್ತೀರಾ, ಇಲ್ಲವಾ? ನೀವು ಬಿಡುತ್ತೀರಿ ಎಂದರೆ ಅದನ್ನು ನಂಬಿ ಅವರು ಇವತ್ತು ಮೆಣಸಿನಗಿಡ ನೆಡುತ್ತಾರೆ. ಆಮೇಲೆ ನೀರು ಬರದಿದ್ದರೆ ಗಿಡ ಒಣಗುತ್ತದೆ, ಜೋಳದ ಹದವೂ ಹೋಗಿರುತ್ತದೆ.”

“ಬಿಡತೀವಿ ಬಿಡವಾ, ಅದೇನು ದೊಡ್ಡ ಮಾತು” ಎಂದ ಪಕ್ಕದ ಹೊಲದವನು.

“ನನಗೆ ಅವ್ವಾ ಅನ್ನಬೇಡಿ. ಬಿಡುತ್ತೀರಾ?”

ಅವನು ದೊಡ್ಡಪ್ಪನ ಮುಖ ನೋಡಿದ. ಎಲ್ಲರೂ ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ನನ್ನನ್ನು ನೋಡುತ್ತಿದ್ದ. ನಾನು ಎಷ್ಟು ದೂರ ಹೋಗುತ್ತೇನೆ ಎಂದು ಅಳೆಯುತ್ತಿದ್ದಾನೆ ಅನ್ನಿಸಿತು. ಒಂದೇ ಒಂದು ಸಲ ನಕ್ಕಿದ್ದರೆ, ದೊಡ್ಡಪ್ಪ ಎಂದು ಒಂದು ಸಲ ಕರೆದಿದ್ದರೆ ಎಲ್ಲ ಮೊದಲಿನ ಹಾಗೆ ಆಗುತ್ತಿತ್ತು. ಅವನು ಹೌದೆನ್ನುತ್ತಿದ್ದ, ನಾವೆಲ್ಲ ಮನೆಗೆ ಹೋಗಿ ಉಣ್ಣುತ್ತಿದ್ದೆವು. ನಾನು ಬಾಯಿ ಬಿಗಿಹಿಡಿದು ನಿಂತೆ.

ಅವನು ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿ ಮತ್ತೆ ಹಾಕಿಕೊಂಡ.

“ಇಲ್ರಿ” ಎಂದ. “ಆಗಂಗಿಲ್ರಿ, ಮೇಡಂ. ತೂಬು ನಮ್ಮ ಹೊಲದ ಬದುವಿನ್ಯಾಗ ಐತಿ. ನಮ್ಮ ಭೂಮಿ ಬಾಯಿ ಬಿಟಗೊಂಡು ನಿಂತಾಗ ನೀರನ್ನ ಮುಂದ ಹಾಯಿಸಿ ಕೊನೀಗಿ ಕಳಿಸೂದು ನಮ್ಮ ಕೈಲಿಂದ ಆಗಂಗಿಲ್ರಿ. ನಮ್ಮದು ತೊಯ್ದ ಮ್ಯಾಲೇ ಕೆಳಗಿನವರಿಗಿ. ಬರಕೋರಿ.”

ನನಗೆ ಬೇಕಾಗಿದ್ದದ್ದು ಅದೇ ಉತ್ತರ. ಆದರೆ ಅದರ ಜೊತೆ ಆ ‘ರಿ’ಯೂ ಬಂತು. ಹುಟ್ಟಿದಾಗಿನಿಂದ ಅವನು ನನಗೆ ನೀ ಬಿಟ್ಟು ಬೇರೆ ಅಂದವನಲ್ಲ. ನ್ಯಾಯವಾಗಿ ನೋಡಿದರೆ ಅವನ ಉತ್ತರಕ್ಕೆ ನಾನು ಸಿಟ್ಟಾಗಬೇಕಿತ್ತು. ಸಿಟ್ಟೂ ಇತ್ತು. ಅಳುವೂ ಇತ್ತು. ಎರಡನ್ನೂ ತೋರಿಸಲಿಲ್ಲ.

ಆಗ ಏರಿಯ ಮೇಲಿದ್ದ ಗೆಳತಿ ಮುಂದೆ ಬಂದಳು. ಇಷ್ಟು ವರ್ಷದಲ್ಲಿ ಅವರ ಮನೆಯವರು ತೂಬಿನ ಹತ್ತಿರ ನಿಂತು ದೊಡ್ಡಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅವಳು ದನಿ ಏರಿಸಲಿಲ್ಲ.

“ಇಲ್ಲ ಅಂತ ಖರೇ ಹೇಳಿದ್ರಿ, ಛಲೋ ಆತು. ಮೊದಲ ನೀರು ಬ್ಯಾಡ್ರಿ ನಮಗ. ನಾನು ಜ್ವಾಳಾನೇ ಬಿತ್ತತೀನಿ. ಜ್ವಾಳ ಹೊಡಿಗಿ ಬಂದು ತೆನಿ ಒಡಿಯೂ ಹೊತ್ತಿಗಿ ಒಂದು ನೀರು ಸಾಕು. ನಿಮ್ಮದು ತೊಯ್ದ ಮ್ಯಾಲ ಎರಡು ದಿನ ಈ ಬಾಗಿಲ ಯಾರೂ ಮುಟ್ಟಂಗಿಲ್ಲ ಅನ್ರಿ. ಆದ್ರ ಆತು ಅನ್ರಿ, ಆಗಲಿಲ್ಲಂದ್ರ ಇಲ್ಲ ಅನ್ರಿ.”

ತಲೆಯ ಹೊಲದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬ ಒಂದೇ ದಿನ ಎಂದ. ಇನ್ನೊಬ್ಬ ಬೈದ. ಬಹಳ ಹೊತ್ತು ಜಗಳ ನಡೆಯಿತು, ಬೆವರು ಸುರಿಯಿತು, ನನ್ನ ಮುಂದೆ ಯಾರೂ ನಯವಾಗಿ ಮಾತಾಡಲಿಲ್ಲ. ಆ ಜಗಳ ಕೇಳುತ್ತ ಕೇಳುತ್ತ ನನಗೆ ಧೈರ್ಯ ಬಂತು. ಪಡಸಾಲೆಯಲ್ಲಿ ಇವರು ಇಷ್ಟು ಚೌಕಾಸಿ ಮಾಡಿರಲಿಲ್ಲ. ನಡೆಸಿಕೊಡುವ ಮನಸ್ಸಿದ್ದವರು ಮಾತ್ರ ಹೀಗೆ ಚೌಕಾಸಿ ಮಾಡುತ್ತಾರೆ. ಕೊನೆಗೆ ದೊಡ್ಡಪ್ಪ, “ಎರಡು ದಿನ. ನಾನು ನಿಂತು ಕಾಯತೀನಿ” ಎಂದ. ಗೆಳತಿ ತಲೆಯಾಡಿಸಿದಳು. ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿ, ಕೂರಿಗೆ ಹೂಡುವವರಿಗೆ ಹೇಳು ಎಂದವಳೇ ಸರಸರನೆ ಏರಿ ಇಳಿದು ಹೋದಳು.

ನಾನು ಅಲ್ಲೇ ನಿಂತು ಹಳೆಯ ಬೇಡಿಕೆಯನ್ನು ಕೆಂಪು ಮಾಡಿಸಲು ಮ್ಯಾನೇಜರ್‌ಗೆ ಫೋನ್ ಮಾಡಿದೆ, ಹೊಸದನ್ನು ಓದಿ ಹೇಳಿದೆ. ಅವನು ಬರೆದುಕೊಂಡು, ಯಾರು ಹೇಳಿದ್ದು ಎಂಬಲ್ಲಿ ಏನು ತುಂಬಲಿ ಎಂದು ಕೇಳಿದ. ತಲೆಯ ಹೊಲದ ರೈತ ಎಂದು ತುಂಬಿ ಎಂದೆ. ಅಳೆಯಲು ಬಂದವರು ಸೋಮವಾರ ಆ ಒಂದು ಕೆಂಪನ್ನೇ ಬಹಳ ಹೊತ್ತು ನೋಡಿ, ಇದು ಹೇಗಾಯಿತು ಎಂದು ಕೇಳಿದರಂತೆ. ಮ್ಯಾನೇಜರ್ ಎದೆಯುಬ್ಬಿಸಿ ಹೇಳಿದನಂತೆ. ಜೋಳ ಹೊಡೆಗೆ ಬಂದಾಗ ಎರಡು ದಿನದ ನೀರು ಕೊನೆಯ ಹೊಲಕ್ಕೆ ಬಂತು, ದೊಡ್ಡಪ್ಪ ಬಾಗಿಲ ಪಕ್ಕ ಕಂಬಳಿ ಹಾಸಿಕೊಂಡು ಕಾದಿದ್ದ ಎಂದು ಗೆಳತಿಯೇ ಆಮೇಲೆ ಹೇಳಿದಳು. ಅದೆಲ್ಲ ಮುಂದಿನ ಮಾತು.

ಫೋನ್ ಇಟ್ಟು ತಿರುಗಿದಾಗ ಜನ ಚದುರಿದ್ದರು. ದೊಡ್ಡಪ್ಪ ಒಬ್ಬನೇ ಏರಿಯ ಮೇಲೆ ಊರಿನ ಕಡೆ ನಡೆದಿದ್ದ. ನಾನು ಕೊರಳಲ್ಲಿದ್ದ ಗುರುತಿನ ಚೀಟಿ ತೆಗೆದು ಚೀಲಕ್ಕೆ ಹಾಕಿದೆ. ಕೆಲಸ ಮುಗಿದಿತ್ತು, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಕಾಲು ತಾನಾಗಿಯೇ ಅವನ ಹಿಂದೆ ಹೊರಟಿತು. ಮನೆಗೆ ಹೋಗಿ ಕೂತು ಎಲ್ಲ ಬಿಡಿಸಿ ಹೇಳಿದರೆ ಆಯಿತು ಎಂದುಕೊಂಡೆ. ಹೆಜ್ಜೆ ಸಪ್ಪಳ ಕೇಳಿ ಅವನು ನಿಂತ, ತಿರುಗಿ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

“ದೊಡ್ಡಪ್ಪ...” ಎಂದೆ.

“ನಿಮ್ಮ ಜೀಪು ಆ ಕಡಿ ನಿಂತೈತ್ರಿ, ಮೇಡಂ” ಎಂದ.